ಬೆರಳಿಗೆ ಹತ್ತಿದ ಕಪ್ಪು

ಎಷ್ಟು ತಿಕ್ಕಿದರೂ ಮುದಕಪ್ಪನ ಬೆರಳಿನ ಕಪ್ಪು ಹೋಗಲಿಲ್ಲ. ನೀಲಗಂಗವ್ವ ಮೊದಲು ಸೀಗೆಪುಡಿ ಹಾಕಿ ತಿಕ್ಕಿದಳು. ಆಮೇಲೆ ಪಾತ್ರೆ ತೊಳೆಯುವ ಸೋಪು ತರಿಸಿದಳು. ಕೊನೆಗೆ ಅರ್ಧ ನಿಂಬೆಹಣ್ಣು ಹಿಡಿದು ಅಣ್ಣನ ಹೆಬ್ಬೆರಳಿನ ಉಗುರುಸಂದಿಗೇ ಕೈಹಾಕಿದಳು. ಸ್ನಾನ ಮುಗಿದಿತ್ತು. ಹೊಸ ಧೋತರ ಉಡಿಸಿ, ಹಣೆಗೆ ತೋಳಿಗೆ ವಿಭೂತಿ ಬಳಿದು, ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಉಳಿದದ್ದೆಲ್ಲ ಹಸನಾಗಿತ್ತು. ಆ ಹತ್ತು ಬೆರಳುಗಳು ಮಾತ್ರ ಈಗಷ್ಟೇ ಕೆಲಸದಿಂದ ಎದ್ದು ಬಂದಂತಿದ್ದವು.

"ಶಿವನ ಮುಂದ ಇಂಥಾ ಕೈ ಹೊತ್ತುಕೊಂಡು ಹೋಗಬೇಕೇನವ್ವ ನಮ್ಮಣ್ಣ?"

"ಬಿಡ ಅತ್ತಿ," ಎಂದಳು ಮುದಕಪ್ಪನ ಮಗಳು ಕಾಂಚನಾ. "ಅದು ಎಬೋನೈಟಿನ ಕಪ್ಪು. ಐವತ್ತು ವರ್ಷದ್ದು. ನಿಂಬಿಹಣ್ಣಿಗೆ ಹೋಗೂದಿಲ್ಲ."

"ಲಗ್ನದಾಗ ಅರಿಷಿಣ ಹಚ್ಚಿದಾಗೂ ಹೋಗಿರಲಿಲ್ಲ," ಎಂದು ನೀಲಗಂಗವ್ವ ನಿಂಬೆಹಣ್ಣನ್ನು ಪಕ್ಕಕ್ಕಿಟ್ಟು ಮತ್ತೊಂದು ಸಲ ಅತ್ತಳು.

ಎಬೋನೈಟು ಎಂದರೆ ಗಂಧಕ ಬೆರೆಸಿ ಕಲ್ಲಿನಂತೆ ಗಟ್ಟಿ ಮಾಡಿದ ರಬ್ಬರು. ಹಳೆಯ ಕಾಲದ ಶಾಯಿ ಪೆನ್ನುಗಳೆಲ್ಲ ಅದರಿಂದಲೇ ಆಗುತ್ತಿದ್ದವು. ಅದನ್ನು ಕಡೆದವನ ಕೈ ಕಪ್ಪಾಗುತ್ತದೆ, ಮೈ ಗಂಧಕ ನಾರುತ್ತದೆ. ಗದಗಿನಿಂದ ಮುಂಡರಗಿಗೆ ಹೋಗುವ ಬಸ್ಸಿನಲ್ಲಿ ಮುದಕಪ್ಪನ ಪಕ್ಕದ ಸೀಟು ಎಂಥ ಗದ್ದಲದಲ್ಲೂ ಖಾಲಿ ಇರುತ್ತಿತ್ತು. ಅವನು ಅದರ ಮೇಲೆ ತನ್ನ ಚೀಲ ಇಟ್ಟುಕೊಂಡು, ಕಿಡಕಿಗೆ ತಲೆಕೊಟ್ಟು, ಸುಖವಾಗಿ ನಿದ್ದೆ ಮಾಡುತ್ತಿದ್ದ. ಬೆಟಗೇರಿಯ ನೇಕಾರರಿಗೆ ನೂಲು ಸುತ್ತುವ ಮಗ್ಗದ ಕಂಡಿಕೆ ಕಡೆದುಕೊಡುತ್ತಿದ್ದವನ ಮಗ ಅವನು. ಮಗ್ಗಗಳು ಕಡಿಮೆಯಾದಾಗ ಅದೇ ಲೇತಿನ ಮೇಲೆ ಪೆನ್ನು ಕಡೆಯಲು ಕಲಿತ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ನಿನ್ನೆ ಮಧ್ಯಾಹ್ನ, ಉಂಡು ಗೋಡೆಗೆ ಒರಗಿದವನು ಏಳಲಿಲ್ಲ. ಯಾರಿಗೂ ತೊಂದರೆ ಕೊಡದ ಸಾವು ಎಂದು ಓಣಿಯವರೆಲ್ಲ ಹೊಗಳುತ್ತಿದ್ದರು. ಕಾಂಚನಾಗೆ ಆ ಹೊಗಳಿಕೆ ಕೇಳಿ ಕೇಳಿ ಸಾಕಾಗಿತ್ತು.

ಬಾಗಿಲಲ್ಲಿ ಪರಶುರಾಮ ಬಂದು ನಿಂತ. ಹಿಂದಿನ ಓಣಿಯಲ್ಲಿ ಮಂಚದ ಕಾಲು, ತೊಟ್ಟಿಲ ಕಾಲು ಕಡೆಯುವವನು. ಹೆಣ ಒಯ್ಯಲು ಸಾಮಾನು ಸಾಗಿಸುವ ತನ್ನ ಮೂರು ಗಾಲಿಯ ಟಂಟಂ ತಂದು, ಅದಕ್ಕೆ ಬಾಳೆಕಂಬ ಕಟ್ಟಿ, ಚೆಂಡುಹೂ ಪೋಣಿಸಿ, ಬೆಳಗಿನಿಂದ ನೀರು ಸಹ ಕುಡಿಯದೆ ದುಡಿದಿದ್ದ. ಒಳ್ಳೆಯ ಮನುಷ್ಯ. ಒಂದೇ ಊನ, ಗಾಡಿ ಖಾಲಿ ಓಡಿಸುವುದೆಂದರೆ ಅವನಿಗೆ ಹೊಟ್ಟೆ ಉರಿಯುತ್ತಿತ್ತು.

"ಕಾಂಚನಕ್ಕ, ಈಗ ಕೇಳಬಾರದು ಖರೆ," ಎಂದು ಕೆಮ್ಮಿದ. "ಹೆಂಗೂ ಗಾಡಿ ಐತಿ. ಮಣ್ಣು ಕೊಟ್ಟು ಬಂದ ಮ್ಯಾಲೆ ಎತ್ತಾಕ ನಾಕು ಮಂದೀನೂ ಇರ್ತಾರ. ಆ ಲೇತು... ನೀ ಒಬ್ಬಾಕಿ ಇಟಗೊಂಡು ಏನ ಮಾಡ್ತಿ? ಮುದಕಣ್ಣನ್ನ ಹ್ವಾದ ವರ್ಷನ ಕೇಳಿದ್ದೆ. 'ಕಾಂಚನಾ ಬ್ಯಾಡ ಅಂದ ದಿನ ಒಯ್ಯಿ' ಅಂದಿದ್ದ."

ನೀಲಗಂಗವ್ವ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಕಾಂಚನಾ "ಒಯ್ಯಿ" ಎಂದುಬಿಟ್ಟಳು.

ರಾತ್ರಿಯೆಲ್ಲ ಅವಳು ಅದನ್ನೇ ಯೋಚಿಸಿದ್ದಳು. ಪೆನ್ನು ಕಡೆಯಲು ಅವಳಿಗೆ ಬರುತ್ತಿತ್ತು, ಅದರ ಟೊಪ್ಪಿಗೆಗೆ ತಿರುಪಿನ ಗೆರೆ ಕೊರೆಯಲು ಬರುತ್ತಿತ್ತು, ನಿಬ್ಬು ಕೂರಿಸಲು ಬರುತ್ತಿತ್ತು. ಕೊನೆಯ ಪಾಲಿಶ್ ಮಾತ್ರ ಅಪ್ಪನದು. ಏಳು ವರ್ಷಗಳಿಂದ ಅಪ್ಪನ ಕೈ ಆಡದೆ ಅವಳ ಒಂದು ಪೆನ್ನೂ ಹೊಸ್ತಿಲು ದಾಟಿರಲಿಲ್ಲ. ಆ ಕೈ ಇಲ್ಲದ ಮೇಲೆ ತಾನು ಮಾಡುವುದು ಅರ್ಧ ಪೆನ್ನು. ಅರ್ಧ ಪೆನ್ನು ಯಾರಿಗೆ ಬೇಕು?

*

ಶಿರಹಟ್ಟಿಯ ಗಂಡನ ಮನೆಯಲ್ಲಿ ಸಂಸಾರ ಕೂಡಿಬರದೆ ಕಾಂಚನಾ ಒಂದು ಟ್ರಂಕು ಹಿಡಿದು ತವರಿಗೆ ಮರಳಿ ಹನ್ನೊಂದು ವರ್ಷವಾಗಿತ್ತು. ಬಂದ ದಿನ ಮುದಕಪ್ಪ ಏನೂ ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ. ಮೂರನೆಯ ದಿನ ಮುಂಜಾನೆ, ಮನೆಯ ಮುಂದಿನ ಕೋಣೆಯಲ್ಲಿದ್ದ ಲೇತಿನ ಎದುರು ಇನ್ನೊಂದು ಸ್ಟೂಲು ಇಟ್ಟ. "ಕುಂಡ್ರು ಯವ್ವಾ. ಉಳಿ ಹಿಡಿ. ಅಳಬೇಕಂದ್ರ ಅಳು, ಆದರ ಉಳಿ ನಡಗಿಸಬ್ಯಾಡ" ಎಂದ. ಅವಳು ಅತ್ತಳು. ಉಳಿಯೂ ನಡುಗಿತು. ಆ ದಿನ ಎಬೋನೈಟಿನ ಮೂರು ಕೋಲು ಹಾಳಾದವು. ಮುದಕಪ್ಪ ನಾಲ್ಕನೆಯದನ್ನು ಏರಿಸಿದ.

ಲೇತಿನ ಪಕ್ಕದ ಮೊಳೆಗೆ ಒಂದು ಗೊಂಚಲು ತೂಗುತ್ತಿತ್ತು. ಬೀಟೆ, ಹುಣಸೆ, ಎಮ್ಮೆಕೋಡು, ಹಿತ್ತಾಳೆ, ಬಣ್ಣಬಣ್ಣದ ಅಕ್ರಿಲಿಕ್, ಕಪ್ಪು ಎಬೋನೈಟು, ಕಂದು ಎಬೋನೈಟು, ಎಲ್ಲದರ ಗೇಣುದ್ದದ ತುಂಡುಗಳನ್ನು ತೂತು ಹಾಕಿ ಒಂದೇ ತಂತಿಗೆ ಪೋಣಿಸಿದ್ದ. ಪೆನ್ನು ಮಾಡಿಸಲು ಬಂದವರು ಮೊದಲು ಕಣ್ಣು ಮುಚ್ಚಬೇಕು. ಅದು ಮುದಕಪ್ಪನ ಕಟ್ಟಪ್ಪಣೆ. ಕಣ್ಣು ಮುಚ್ಚಿದವರ ಕೈಗೆ ಒಂದೊಂದೇ ತುಂಡು ಕೊಡುತ್ತ ಹೋಗುತ್ತಿದ್ದ. ಲಕ್ಷ್ಮೇಶ್ವರದ ಶಾಲೆಯ ಸುನಿತಾ ಟೀಚರ್ ಮೊದಲ ಸಲ ಬಂದಾಗ ಮೊಬೈಲಿನಲ್ಲಿ ಕೆಂಪು ಅಕ್ರಿಲಿಕ್ ಪೆನ್ನಿನ ಚಿತ್ರ ತೋರಿಸಿ, ತನಗೆ ಥೇಟು ಇಂಥದೇ ಬೇಕೆಂದು ಹಟ ಹಿಡಿದಿದ್ದಳು.

"ಬರಿಯೂದು ಕಣ್ಣೇನ್ರಿ ಟೀಚರ? ಕೈ ಅಲ್ಲೇನು? ಅದನ್ನೊಂದು ಮಾತು ಕೇಳೂಣಲ್ಲ," ಎಂದಿದ್ದ ಮುದಕಪ್ಪ.

ಟೀಚರ್ ಕಣ್ಣು ಮುಚ್ಚಿದಳು. ಅಕ್ರಿಲಿಕ್ ಮುಟ್ಟಿ ಬಿಟ್ಟಳು, ಹಿತ್ತಾಳೆ ಭಾರವೆಂದಳು. ಹುಣಸೆಯ ತುಂಡು ಕೈಗೆ ಬಂದಾಗ ಅದನ್ನು ಬಿಡಲೇ ಇಲ್ಲ. "ಇದು ನಮ್ಮವ್ವನ ಲಟ್ಟಣಗಿ ಇದ್ದಂಗ ಐತಲ್ರಿ!" ಎಂದು ನಕ್ಕಳು. ಮುಂದಿನ ವಾರ ತಾಯಿಯ ಮುರಿದ ಲಟ್ಟಣಿಗೆಯನ್ನೇ ಹಿಡಿದು ಬಂದಳು. ಮರ ಶಾಯಿ ಕುಡಿಯುತ್ತದೆಂದು ಮುದಕಪ್ಪ ಒಳಗೆ ಎಬೋನೈಟಿನ ಕೊಳವೆ ಕೂರಿಸಿ ಅದರಲ್ಲೇ ಪೆನ್ನು ಮಾಡಿಕೊಟ್ಟ.

ಇದನ್ನೆಲ್ಲ ನೋಡುತ್ತ ಕಾಂಚನಾ ನಾಲ್ಕು ವರ್ಷದಲ್ಲಿ ಕೆಲಸ ಕಲಿತಳು. ಕಲಿತೆ ಎಂಬ ಹಮ್ಮು ಕೂಡ ಸ್ವಲ್ಪ ಬಂತು. ಆಗಲೇ ಅವಳು ಎಡವಿದ್ದು.

ಮುಂಡರಗಿಯ ತಹಶೀಲ್ದಾರ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಅರ್ಜಿ, ಬಾಂಡು ಬರೆಯುವ ಬುಡ್ಡೇಸಾಬ ಮುದಕಪ್ಪನ ಜೀವದ ಗೆಳೆಯ. ಅವನಿಗೊಂದು ಕಪ್ಪು ಪೆನ್ನು ಆಗಬೇಕಿತ್ತು. ಮುದಕಪ್ಪ ಡಂಬಳದಲ್ಲಿ ಬೀಗರ ಮದುವೆಗೆ ಹೋಗಿದ್ದ. ಕಾಂಚನಾ ಎರಡು ತಾಸು ಬಟ್ಟೆಗಾಲಿಗೆ, ಅಂದರೆ ಪಾಲಿಶ್ ಮಾಡಲು ಮೋಟಾರಿನ ಮೇಲೆ ತಿರುಗುವ ಬಟ್ಟೆಯ ಚಕ್ರಕ್ಕೆ, ಹಿಡಿದು ಆ ಪೆನ್ನನ್ನು ಮುಖ ಕಾಣುವಂತೆ ಮಿಂಚಿಸಿದಳು, ಅಪ್ಪ ಬರುವುದರೊಳಗೆ ಕಳಿಸಿಯೂ ಬಿಟ್ಟಳು. ಹತ್ತು ದಿನಕ್ಕೆ ಬುಡ್ಡೇಸಾಬ ನಗುತ್ತ ಬಂದ. ಏಪ್ರಿಲ್ ತಿಂಗಳ ಬಿಸಿಲು, ಬೆವರುವ ಕೈ. ಗಾಜಿನಂಥ ಪೆನ್ನು ಬೆರಳಿನಿಂದ ಜಾರಿ, ನಾಲ್ಕು ಪುಟ ಬರೆದು ಮುಗಿಸಿದ್ದ ಬಾಂಡಿನ ಮೇಲೆ ಅಂಗೈಯಗಲ ಶಾಯಿ ಕಾರಿತ್ತು.

ಮುದಕಪ್ಪ ಬೈಯಲಿಲ್ಲ. ಪೆನ್ನು ಇಸಿದುಕೊಂಡು, ಉಜ್ಜುಕಾಗದವನ್ನು ನೀರಲ್ಲಿ ಅದ್ದಿ, ಆ ಹೊಳಪನ್ನೆಲ್ಲ ಸಾವಕಾಶವಾಗಿ ತಿಕ್ಕಿ ತೆಗೆದ. ಮಗಳು ನೋಡುತ್ತ ನಿಂತಿದ್ದಳು. ಮುಗಿದ ಮೇಲೆ "ಇನ್ನ ಮ್ಯಾಲೆ ಕಡೀಕಿನ ಕೈ ನನ್ನದು" ಎಂದ. ಅಷ್ಟೇ. ಮರುವಾರ ಒಂದು ಹೊಸ ಮೋಟಾರು, ಅದಕ್ಕೊಂದು ಹೊಸ ಬಟ್ಟೆಗಾಲಿ ತಂದು ತನ್ನ ಮೂಲೆಯಲ್ಲಿ ಕೂರಿಸಿದ. ಧೂಳು ಬೀಳಬಾರದೆಂದು ಕಟ್ಟಿಗೆಯ ಮುಚ್ಚಳ ಮಾಡಿದ. ಅದನ್ನು ಯಾರೂ ಮುಟ್ಟಕೂಡದು ಎಂದ.

ಅಂದಿನಿಂದ ದಿನವೂ ಸಂಜೆ ಕಾಂಚನಾ ತನ್ನ ಹಳೆಯ ಗಾಲಿಗೆ ಹಿಡಿದು ಮುಗಿಸಿದ ಪೆನ್ನುಗಳನ್ನು ತಾಟಿನಲ್ಲಿಟ್ಟು ಒಳಗೆ ರೊಟ್ಟಿ ಬಡಿಯಲು ಹೋಗುತ್ತಿದ್ದಳು. ಹೊರಗೆ ಮೋಟಾರು ಗುಂಯ್ ಎನ್ನುವುದು ಕೇಳುತ್ತಿತ್ತು. ತನ್ನ ಕೆಲಸವನ್ನು ಅಪ್ಪ ತಿದ್ದುತ್ತಿದ್ದಾನೆ. ಆ ಸದ್ದು ಕೇಳಿದಾಗಲೆಲ್ಲ ಕೆನ್ನೆಗೆ ಹೊಡೆಸಿಕೊಂಡಷ್ಟು ನೋವಾಗುತ್ತಿತ್ತು, ನಾಳೆಯಾದರೂ ತಿದ್ದಲು ಏನೂ ಸಿಗದಂತೆ ಮಾಡಬೇಕು ಅನ್ನಿಸುತ್ತಿತ್ತು. ಏಳು ವರ್ಷ ಹಾಗೆಯೇ ಅನ್ನಿಸಿತು.

*

ಭಜನೆಯವರು ತಾಳ ಹಾಕುತ್ತ ಮುಂದೆ ನಡೆದರು. ಹಿಂದೆ ಪರಶುರಾಮನ ಟಂಟಂನಲ್ಲಿ, ಹೂವಿನ ಮಂಟಪದೊಳಗೆ, ಮುದಕಪ್ಪ ಯಾವುದೋ ಮದುವೆಗೆ ಹೊರಟವನಂತೆ ಕೂತಿದ್ದ. ಪಕ್ಕದಲ್ಲಿ ಜಾಗ ಖಾಲಿ ಇತ್ತು. ಕಾಂಚನಾಗೆ ಮುಂಡರಗಿಯ ಬಸ್ಸು ನೆನಪಾಗಿ, ಅಳುವಿನ ನಡುವೆ ನಗೆ ಬಂದು, ಸೆರಗು ಬಾಯಿಗೆ ಒತ್ತಿಕೊಂಡಳು.

ಮಸಣದಲ್ಲಿ ನೆರೆದ ಮಂದಿಯನ್ನು ನೋಡಿದರೆ ಗಂಡಸರ ಜೇಬಿನಲ್ಲೆಲ್ಲ ಮುದಕಪ್ಪನ ಮನೆಯ ಪೆನ್ನು. ಅವಳ ತಮ್ಮ ಮಲ್ಲು ಲಕ್ಷ್ಮೇಶ್ವರ ಬಸ್ಸಿನ ಕಂಡಕ್ಟರ್. ಟಿಕೇಟಿಗೆ ಮಷೀನು ಬಂದು ವರ್ಷಗಳಾದರೂ ಅಪ್ಪನ ಪೆನ್ನು ಕಿವಿಯ ಮೇಲಿನಿಂದ ಇಳಿದಿರಲಿಲ್ಲ. ಇವತ್ತೂ ಹಾಗೆಯೇ ಬಂದಿದ್ದ. ಸುನಿತಾ ಟೀಚರ್ ಕಾಂಚನಾಳ ಕೈ ಹಿಡಿದುಕೊಂಡಳು.

"ನಾಕು ಪೆನ್ನು ಮಾಡಿಸೇನ್ರಿ ನಿಮ್ಮಲ್ಲೆ. ಮೊದಲಿಂದು ಚಲೋನ ಐತಿ. ಆದರ ಈಗಿನವು... ಹತ್ತನೇ ಕ್ಲಾಸಿನ ಪೇಪರ್ ತಿದ್ದಿ ಮುಗಸೂತನಕ ಕೈ ನೋಯೂದಿಲ್ರಿ. ಅಜ್ಜಾರ ಕೈ ವಯಸ್ಸಾದಂಗ ಇನ್ನೂ ಹದಾ ಆಗಿತ್ತು."

ಕಾಂಚನಾ ಹೂಂಗುಟ್ಟಿದಳು. ಹೌದು, ಅಪ್ಪನ ಕೈ.

ಮಲ್ಲು ಮತ್ತು ಹಿರಿಯರು ಮುದಕಪ್ಪನನ್ನು ಕುಣಿಯೊಳಗೆ ಕೂರಿಸಿದರು. ಬಿಲ್ವಪತ್ರೆ, ವಿಭೂತಿ ಬಿದ್ದವು. ಒಬ್ಬೊಬ್ಬರಾಗಿ ಬಂದು ಹಿಡಿ ಮಣ್ಣು ಹಾಕತೊಡಗಿದರು. ಬುಡ್ಡೇಸಾಬ ಬಂದ. ಎರಡು ತಿಂಗಳ ಹಿಂದೆ ಅವನಿಗೆ ಲಕ್ವಾ ಹೊಡೆದಿತ್ತು. ಕಾಲು ಸುಧಾರಿಸಿತ್ತು, ಬಲಗೈ ಸುಧಾರಿಸಿರಲಿಲ್ಲ. ಬಗ್ಗಿ ಬಲಗೈಯಿಂದಲೇ ಮಣ್ಣು ಹಿಡಿದ. ಎತ್ತುವುದರೊಳಗೆ ಮುಕ್ಕಾಲು ಮಣ್ಣು ಹೆಬ್ಬೆರಳಿನ ಕಡೆಯಿಂದ ಸೋರಿಹೋಯಿತು. ಮತ್ತೆ ಹಿಡಿದ, ಮತ್ತೆ ಸೋರಿತು. ಯಾರೋ "ಎಡಗೈಲೆ ಹಾಕ್ರಿ ಸಾಬರ" ಎಂದರು. ಅವನು ಕೇಳಲಿಲ್ಲ. ಮೂರನೆಯ ಸಲ ಕಿರುಬೆರಳು, ಉಂಗುರಬೆರಳುಗಳ ನಡುವೆ ನಿಂತಷ್ಟು ಮಣ್ಣನ್ನು ಗೆಳೆಯನ ಮೇಲೆ ಹಾಕಿ, ಕಣ್ಣೊರೆಸಿಕೊಂಡು ಸರಿದ.

ಕಾಂಚನಾ ಅಳುವುದನ್ನು ಮರೆತು ಆ ಕೈಯನ್ನೇ ನೋಡಿದಳು. ಎರಡು ಬೆರಳಲ್ಲಿ ಬಲ ಇದೆ. ಹೆಬ್ಬೆರಳು ಮುಚ್ಚುತ್ತದೆ, ಆದರೆ ಅರ್ಧಕ್ಕೇ ನಿಲ್ಲುತ್ತದೆ. ಅಂದರೆ ಪೆನ್ನೇ ಅಲ್ಲಿಯವರೆಗೆ ದಪ್ಪವಾಗಿ ಬರಬೇಕು. ಹಗುರ ಇರಬೇಕು. ಅಪ್ಪನ ಕುಣಿಯ ಮುಂದೆ ನಿಂತು ತಾನು ಪೆನ್ನಿನ ಅಳತೆ ಹಾಕುತ್ತಿದ್ದೇನೆಂದು ತಿಳಿದು ಅವಳಿಗೆ ನಾಚಿಕೆಯಾಯಿತು. ತನ್ನ ಪಾಲಿನ ಮಣ್ಣು ಹಾಕಿ ಹಿಂದೆ ಸರಿದಳು.

*

ಮನೆಗೆ ಬಂದು ಕಾಲು ತೊಳೆದು ದೀಪಕ್ಕೆ ಕೈಮುಗಿದರೋ ಇಲ್ಲವೋ, ಪರಶುರಾಮ ಟಂಟಂನ ಬಾಳೆಕಂಬ ಬಿಚ್ಚಿ ತಯಾರಾಗಿದ್ದ. ಕಾಂಚನಾ ಮುಂದಿನ ಕೋಣೆಯ ಬೀಗ ತೆಗೆದಳು. ಬುಡ್ಡೇಸಾಬನೂ ಮೆಲ್ಲಗೆ ಒಳಗೆ ಬಂದು, ಹದಿನೈದು ದಿನಕ್ಕೊಮ್ಮೆ ಸಂಜೆ ಬಂದು ಕೂರುತ್ತಿದ್ದ ಅದೇ ಸ್ಟೂಲಿನ ಮೇಲೆ ಕೂತ.

"ನಿಮ್ಮ ಪೆನ್ನಿನ ಮಾತು ಏನಾಗಿತ್ತು ಕಾಕಾ?" ಎಂದಳು. "ಹ್ವಾದ ವಾರ ಅಪ್ಪನ ಕೂಡ ಮಾತಾಡಿದ್ರಿ."

"ಬಿಡವ್ವ. ಇಂಥಾ ದಿನ ನನ್ನ ಪೆನ್ನಿಂದೇನು? ಕಂಪ್ಯೂಟರಿನ ಅಂಗಡಿ ಅದಾವ, ಮಂದಿ ಅಲ್ಲಿ ಬರಸ್ತಾರ. ಒಂದಿಷ್ಟು ಮುದುಕ್ಯಾರು ಮಾತ್ರ ಇನ್ನೂ ನನ್ನ ಹಾದಿ ಕಾಯತಾರ. ಬರದದ್ದನ್ನ ಓದಿ ಹೇಳವರು ಬೇಕಲ್ಲ ಅವರಿಗೆ. ನಿಮ್ಮಪ್ಪ ಅಂದಿದ್ದ, 'ಕಾಂಚನಾಗ ಕೈ ತೋರಸು, ಆಕಿ ಮಾಡತಾಳ' ಅಂತ."

"ನಾ ಮಾಡತೇನಿ, ಕಡೀಕಿನ ಪಾಲಿಶ್ ಯಾರ ಮಾಡತಾರ?"

ಬುಡ್ಡೇಸಾಬ ಅವಳ ಮುಖ ನೋಡಿ, ಆಮೇಲೆ ಮೂಲೆಯ ಮೋಟಾರಿನ ಕಡೆ ನೋಡಿದ.

"ಅಕ್ಕ, ಈ ಮೂಲ್ಯಾಗಿನ ಮೋಟಾರೂ ಒಯ್ಯಲಿ?" ಎಂದು ಪರಶುರಾಮ ಕೇಳಿದ. ಅದು ಅಪ್ಪನ ಮೋಟಾರು. ಮುಚ್ಚಳ ತೆಗೆಯಲು ಅವನು ಕೈ ಚಾಚಿದಾಗ ಕಾಂಚನಾ "ತಡಿ, ನಾ ತಗೀತೇನಿ" ಎಂದು ತಾನೇ ಎತ್ತಿದಳು.

ಒಳಗಿನ ಬಟ್ಟೆಗಾಲಿ ಹಾಲಿನಷ್ಟು ಬಿಳುಪಾಗಿತ್ತು.

ಕಾಂಚನಾ ತನ್ನ ಗಾಲಿಯ ಕಡೆ ತಿರುಗಿದಳು. ಅದು ಸವೆದು ಸವೆದು ಅರ್ಧವಾಗಿ, ಮೇಣ ಮತ್ತು ಎಬೋನೈಟು ಮೆತ್ತಿ ಇದ್ದಿಲಿನಂತಾಗಿತ್ತು. ಇಂಥ ಎಂಟು ಗಾಲಿಗಳನ್ನು ಅವಳು ಏಳು ವರ್ಷದಲ್ಲಿ ಬದಲಿಸಿದ್ದಳು. ಅಪ್ಪನದರ ಅಂಚಿನಲ್ಲಿ ಕಾರಖಾನೆಯವರು ಹೊಲಿದ ನೀಲಿ ದಾರ ಸಹ ಸವೆದಿರಲಿಲ್ಲ. ಒಂದು ಪೆನ್ನು ಮುಟ್ಟಿದ ಗುರುತೂ ಅದರ ಮೇಲಿರಲಿಲ್ಲ.

"ಕಾಕಾ," ಎಂದಳು. "ನೀವು ಸಂಜೀಮುಂದ ಇಲ್ಲೇ ಕುಂಡ್ರತಿದ್ರಿ. ಅಪ್ಪ ಏನ ಮಾಡತಿದ್ದ?"

ಬುಡ್ಡೇಸಾಬ ಎಡಗೈಯಿಂದ ಬಲಗೈಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡ. "ಇನ್ನ ಹೇಳಾಕಬೇಕು. ಮೋಟಾರ ಚಾಲೂ ಮಾಡತಿದ್ದ. ನಿನ್ನ ಪೆನ್ನು ಒಂದೊಂದ ತಗೊಂಡು, ಕಣ್ಣ ಮುಚ್ಚಿ, ಕೈಯಾಗ ಹಿಡೀತಿದ್ದ. ತಾಟಿನ್ಯಾಗ ಇಡತಿದ್ದ. ಛಾ ಕುಡೀತಿದ್ವಿ. ಮೋಟಾರ ಬಂದ್ ಮಾಡತಿದ್ದ."

"ಅಷ್ಟನ?"

"ಅಷ್ಟ. ಮೊದಲನೇ ದಿನ ತಿದ್ದಾಕಂತನ ಕುಂತಿದ್ದ. ತಿದ್ದೂದು ಏನೂ ಸಿಗಲಿಲ್ಲ. ಮರುದಿನಾನೂ ಸಿಗಲಿಲ್ಲಂತ. 'ಹಂಗಾದ್ರ ಮೋಟಾರ ಯಾಕೋ ತಿರಗಸ್ತಿ, ಕರೆಂಟ್ ದಂಡ' ಅಂದೆ. 'ಆಕೀಗೆ ಕೇಳಲಿ. ನೋಡಾವ್ರು ಅದಾರ ಅಂತ ತಿಳಕೊಂಡ್ರ ಕೈ ಬಿಗಿ ಇರತೈತಿ' ಅಂದ. ಒಂದು ವರ್ಷ ಆತು, ಎರಡಾತು. ನಾ ಬೈದೆ ನೋಡವ್ವ, ಹೇಳಿಬಿಡೋ ಹುಡಿಗಿಗೆ ಅಂತ. 'ದೀಪಾವಳಿಗೆ ಹೇಳತೇನಿ' ಅಂತಿದ್ದ. ಯಾವ ದೀಪಾವಳಿ ಅಂತ ಹೇಳಲಿಲ್ಲ. ಆಮ್ಯಾಲೆ ಹೇಳಾಕ ಅವಂಗ ನಾಚಿಕಿ."

ಕಾಂಚನಾಗೆ ಮೊದಲು ಬಂದದ್ದು ಸಿಟ್ಟು. ಏಳು ವರ್ಷ! ಒಂದು ಮಾತು ಹೇಳಲು ಏನಾಗಿತ್ತು ಈ ಮುದುಕನಿಗೆ? ಎಷ್ಟು ಸಂಜೆ ಒಲೆಯ ಮುಂದೆ ಕಣ್ಣೀರು ಹಾಕಿದ್ದೆ! ಎದುರಿಗಿದ್ದರೆ ಜಗಳ ತೆಗೆದು ಒಂದು ಹೊತ್ತು ಉಪವಾಸ ಕೆಡವುತ್ತಿದ್ದಳು. ಆಮೇಲೆ ಮಸಣದಲ್ಲಿ ಕಂಡ ಜೇಬುಗಳು ಕಣ್ಣಮುಂದೆ ಬಂದವು. ಸುನಿತಾ ಟೀಚರಳ ನೋಯದ ಕೈ ನೆನಪಾಯಿತು, ಮಲ್ಲುವಿನ ಕಿವಿ ನೆನಪಾಯಿತು.

"ಎಲ್ಲಾ ನನ್ನವ ಏನ ಕಾಕಾ?"

"ಎಲ್ಲಾ ನಿನ್ನವ."

ಅವಳು ಅಲ್ಲೇ ನೆಲದ ಮೇಲೆ ಕೂತು ಗಳಗಳನೆ ಅತ್ತಳು. ಬೆಳಗಿನ ಅಳುವಿಗೂ ಇದಕ್ಕೂ ಬಹಳ ಅಂತರವಿತ್ತು. ಪರಶುರಾಮ ಏನೂ ತಿಳಿಯದೆ, ಹಗ್ಗ ಕೈಯಲ್ಲಿ ಹಿಡಿದು, ಒಮ್ಮೆ ಅವಳನ್ನೂ ಒಮ್ಮೆ ಲೇತನ್ನೂ ನೋಡುತ್ತ ನಿಂತಿದ್ದ.

ಅತ್ತು ಮುಗಿಸಿ ಕಾಂಚನಾ ಮೂಗೊರೆಸಿಕೊಂಡಳು. "ಪರಸಣ್ಣ, ಲೇತು ಕೊಡೂದಿಲ್ಲ. ಸಿಟ್ಟಾಗಬ್ಯಾಡ. ನನಗ ಬೇಕು."

"ಆತು ತಗೋ ಅಕ್ಕ," ಎಂದು ಅವನು ಹಗ್ಗ ಸುತ್ತತೊಡಗಿದ. "ಬೇಕಂದ್ರ ಬೇಕು. ಮುದಕಣ್ಣ ಹಂಗ ಹೇಳಿದ್ದ. ಆದರ ಗಾಡಿ ಖಾಲಿ..."

"ಕಾಕಾನ್ನ ಮುಂಡರಗಿ ಬಸ್ಸಿಗೆ ಬಿಟ್ಟು ಹೋಗು. ಒಂದೀಟು ತಡಿ."

ಅವಳು ಎದ್ದು ಮೊಳೆಯಿಂದ ಗೊಂಚಲು ಇಳಿಸಿ ತಂತಿ ಬಿಚ್ಚಿದಳು. "ಕಣ್ಣ ಮುಚ್ಚರಿ ಕಾಕಾ."

"ಇವತ್ತ ಬ್ಯಾಡವ್ವ, ಸೂತಕದ ಮನಿ."

"ಕೆಲಸ ಹಚ್ಚೂದಿಲ್ಲ. ಹಿಡದು ನೋಡೂದು ಅಷ್ಟ."

ಬುಡ್ಡೇಸಾಬ ಕಣ್ಣು ಮುಚ್ಚಿದ. ಹಿತ್ತಾಳೆಯ ಭಾರಕ್ಕೆ ಮಣಿಕಟ್ಟು ವಾಲಿತು. ಅಕ್ರಿಲಿಕ್ ಜಾರಿತು. ಕೋಡು ಮುಟ್ಟಿದರೆ ತಣ್ಣಗಿದೆ ಎಂದು ಮುಖ ಕಿವುಚಿದ. ಬೀಟೆ ಕ್ಷಣ ನಿಂತು ಬಿತ್ತು. ಕಂದು ಎಬೋನೈಟಿನ ತುಂಡು ಮಾತ್ರ ಆ ಎರಡು ಬೆರಳುಗಳ ನಡುವೆ ನಿಂತಿತು. ಹೆಬ್ಬೆರಳು ಅದರತ್ತ ಬಂದು, ಅರ್ಧ ಬೆರಳಿನಷ್ಟು ದೂರದಲ್ಲೇ ಉಳಿಯಿತು.

ಹೊಸ್ತಿಲ ಬಳಿ ಹೂಹಾರ ಕಟ್ಟಿ ಉಳಿದ ದಾರದ ಉಂಡೆ ಬಿದ್ದಿತ್ತು. ಕಾಂಚನಾ ಅದನ್ನು ತಂದು, ತುಂಡಿನ ಮೇಲೆ ಒಂದೊಂದೇ ಸುತ್ತು ಸುತ್ತುತ್ತ ಹೋದಳು. ಸುತ್ತಿ ಹಿಡಿಸಿ ನೋಡಿದಳು, ಸಾಲದೆ ಮತ್ತೆ ಸುತ್ತಿದಳು. ದಾರ ಬೆರಳ ದಪ್ಪ ದಾಟಿದಾಗ ಬುಡ್ಡೇಸಾಬನ ಹೆಬ್ಬೆರಳು ಅದನ್ನು ಮುಟ್ಟಿತು, ಒತ್ತಿತು, ಹಿಡಿಯಿತು.

"ಇಷ್ಟ ದಪ್ಪ," ಎಂದಳು.

"ಹೊಳಪು?" ಎಂದು ಅವನು ಕಣ್ಣು ಮುಚ್ಚಿಕೊಂಡೇ ತುಂಟನಗೆ ನಕ್ಕ.

"ಹೊಳಪು ಬ್ಯಾಡ. ನೀರಾಗ ತಿಕ್ಕಿ ಬಿಡೂದು. ಹನ್ನೆರಡನೇ ದಿನ ಬರ್ರಿ."

ಲೇತಿನ ಹಲಗೆಯ ಮೇಲೆ ನಿನ್ನೆಯ ಕಪ್ಪುಪುಡಿ ಹಾಗೆಯೇ ಇತ್ತು. ಬುಡ್ಡೇಸಾಬ ಕಣ್ಣು ತೆರೆದು, ದಾರ ಸುತ್ತಿದ ಆ ತುಂಡಿನಿಂದ, ನಾಲಗೆ ಕಚ್ಚಿಕೊಂಡು ಅದರ ಮೇಲೆ ಗೀಚಿದ. ಎರಡು ತಿಂಗಳಲ್ಲಿ ಮೊದಲ ಸಲ ಅವನ ಬಲಗೈ 'ಮಾನ್ಯರೇ' ಎಂದು ಬರೆಯಿತು. ಸೊಟ್ಟಾಗಿತ್ತು, ಆದರೆ ಓದಲು ಬರುತ್ತಿತ್ತು. ಪರಶುರಾಮ ಬಗ್ಗಿ ಜೋರಾಗಿ ಓದಿದ.

ಟಂಟಂ ಹೊರಟಿತು. ಹಿಂದಿನ ಹಲಗೆಯ ಮೇಲೆ, ಉದುರಿದ ಚೆಂಡುಹೂಗಳ ನಡುವೆ, ಬುಡ್ಡೇಸಾಬ ಕೂತಿದ್ದ. ಕಾಂಚನಾ ಆ ಅಕ್ಷರಗಳನ್ನು ಒರೆಸದೆ ಕೋಣೆಗೆ ಬೀಗ ಹಾಕಿ ಒಳಗೆ ಬಂದಳು. ಪಡಸಾಲೆಯಲ್ಲಿ ಊಟಕ್ಕೆ ಎಲೆ ಹಾಕಿದ್ದರು. ಮಲ್ಲು ಅಕ್ಕನಿಗಾಗಿ ಕಾಯುತ್ತಿದ್ದ.

"ಬಾ, ಕೈ ತೊಳಕೋ," ಎಂದು ನೀಲಗಂಗವ್ವ ಬಚ್ಚಲ ಬಾಯಲ್ಲಿ ತಂಬಿಗೆ ಹಿಡಿದು ನಿಂತಳು. ಬೆಳಗಿನ ಸೋಪು ಅಲ್ಲೇ ಗೂಡಿನಲ್ಲಿತ್ತು. ಅದನ್ನು ತೆಗೆದುಕೊಂಡು ಸೊಸೆಯ ಕೈ ಎಳೆದು ನೋಡಿದಳು. ಹೆಬ್ಬೆರಳಿನ ಉಗುರುಸಂದಿಯಲ್ಲಿ, ತೋರುಬೆರಳಿನ ಗೆಣ್ಣಿನಲ್ಲಿ, ಅಂಗೈಯ ಗೆರೆಗಳಲ್ಲಿ ಅದೇ ಕಪ್ಪು.

ನೀಲಗಂಗವ್ವ ಸೋಪನ್ನು ಗೂಡಿಗೆ ಇಟ್ಟಳು. ಬರೀ ನೀರು ಹಾಕಿದಳು.